ನರಹರಿಯ ಖರ್ಚಿನ ದಿನ

ನರಹರಿ ಮಾಡಿದ ತಪ್ಪು ಇಷ್ಟೇ. ಬ್ಯಾಂಕಿನ ನಿಫಾಡ್ ಶಾಖೆಯ ನವೀಕರಣವನ್ನು ಮಂಜೂರಾದ ಬಜೆಟ್ಟಿಗಿಂತ ಬಹಳ ಕಡಿಮೆಯಲ್ಲಿ ಮುಗಿಸಿಬಿಟ್ಟಿದ್ದ. ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ, ಮಾರ್ಚ್ ತಿಂಗಳ ಕೊನೆಯ ದಿನ ಬೆಳಿಗ್ಗೆ ನಾಸಿಕದ ಪ್ರಾದೇಶಿಕ ಕಚೇರಿಯಲ್ಲಿ ಲೆಕ್ಕ ಒಪ್ಪಿಸಿದ. ಮುಖ್ಯಸ್ಥ ಕಾಶೀನಾಥರ ಮುಖ ಹರಳೆಣ್ಣೆ ಕುಡಿದಂತಾಯಿತು.

"ಉಳಸ್ರಿ ಅಂತ ನಿಮಗ್ಯಾರು ಹೇಳಿದ್ರು? ಸಂಜಿಯೊಳಗ ಈ ರೊಕ್ಕ ಖರ್ಚಾಗ್ಲಿಲ್ಲಂದ್ರ ವಾಪಸ್ ಹೋಗ್ತದ. ಮುಂದಿನ ವರ್ಷ ದಿಂಡೋರಿ ಶಾಖಾದ ಕೆಲಸಕ್ಕ ಕತ್ತರಿ ಬೀಳ್ತದ."

ಹಾಗೆಂದವರೇ ಮೇಜಿನ ಮೇಲಿದ್ದ ನರಹರಿಯ ವರ್ಗಾವಣೆ ಅರ್ಜಿಯ ಮೇಲೆ ಬೆರಳಿಟ್ಟರು. ಧಾರವಾಡ ಕೇಳಿದ್ದ ಆ ಅರ್ಜಿ ಸಂಜೆ ಸಂಭಾಜಿನಗರದ ವಲಯ ಕಚೇರಿಗೆ ಹೋಗಬೇಕಿತ್ತು. ಬಜೆಟ್ ಖಾಲಿಯಾದರೆ ಸಹಿ, ಇಲ್ಲವಾದರೆ ಡ್ರಾಯರು.

ನರಹರಿಗೆ ಮನೆ ನೆನಪಾಯಿತು. ಮಗಳು ರುಚಿತಾ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದಳು. ಹೆಂಡತಿ ಶುಭಾ ಅಂತೂ ಧಾರವಾಡಕ್ಕೆ ಹೊರಟೇಬಿಟ್ಟವಳಂತೆ ತುಳಸಿ ಕುಂಡವನ್ನು ಪಕ್ಕದ ಮನೆಗೆ ದಾನ ಮಾಡಿಬಿಟ್ಟಿದ್ದಳು.

ಸುದ್ದಿ ತಿಳಿದದ್ದೇ ತಡ, ಇಡೀ ಕಚೇರಿ ಸಲಹೆ ಕೊಡಲು ನೆರೆಯಿತು. ಒಬ್ಬರಿಗೆ ವಾಟರ್ ಕೂಲರ್ ಬೇಕಿತ್ತು, ಇನ್ನೊಬ್ಬರಿಗೆ ಪರದೆ. ಪರರ ದುಡ್ಡು ಖರ್ಚು ಮಾಡುವುದರಲ್ಲಿ ಮನುಷ್ಯನಿಗೆ ಎಲ್ಲಿಲ್ಲದ ಉತ್ಸಾಹ.

ನರಹರಿ ಪೇಟೆಗೆ ಓಡಿದ. ಕೂಲರಿನ ಬೆಲೆ ಕೇಳಿದವನೇ, ತನಗರಿವಿಲ್ಲದೆ "ಥೋಡಂ ಕಮೀ ಕರಾ ನಾ" ಎಂದು ಕಡಿಮೆ ಮಾಡಲು ಕೇಳಿಬಿಟ್ಟ. ಕೊತ್ತಂಬರಿಗೂ ಚೌಕಾಶಿ ಮಾಡುವ ಮನೆಯಲ್ಲಿ ಬೆಳೆದ ನಾಲಿಗೆ ಅದು. ಮಾರ್ಚ್ ಕೊನೆಯ ಗಡಿಬಿಡಿಯಲ್ಲಿದ್ದ ಅಂಗಡಿಯವನು ಧಾರಾಳವಾಗಿ ಇಳಿಸಿದ. ಫ್ಯಾನಿನ ಅಂಗಡಿಯಲ್ಲೂ ಪರದೆಯ ಅಂಗಡಿಯಲ್ಲೂ ಅದೇ ಕತೆ. ಮಧ್ಯಾಹ್ನದ ಹೊತ್ತಿಗೆ ಟೆಂಪೋ ತುಂಬಿತು, ಹಣ ಮಾತ್ರ ಕರಗಲಿಲ್ಲ. ಸೋತು ಶುಭಾಳಿಗೆ ಫೋನ್ ಮಾಡಿದರೆ, ಅವಳು ಫ್ಯಾನಿನ ಬೆಲೆ ಕೇಳಿ, ತಾನಿದ್ದಿದ್ದರೆ ಇನ್ನೂ ಇಳಿಸುತ್ತಿದ್ದೆನೆಂದು ಬೈದಳು.

ಕೊನೆಗೆ ಕೈಹಿಡಿದವನು ಸಾಲ ವಿಭಾಗದ ಮನ್ಮಥಪ್ಪ, ಕಲಬುರಗಿಯ ವ್ಯಾಪಾರಸ್ಥರ ಮನೆಯವನು.

"ನಿಮ್ ಬಾಯಿ ಬಂದ್ ಆದ್ರ ಬಜೆಟ್ ಖಾಲಿ ಆಗ್ತದ್ರಿ" ಎಂದು ಒಂದು ದಪ್ಪ ಬೀಡಾ ಕಟ್ಟಿಸಿ ನರಹರಿಯ ಬಾಯಿಗೆ ತುರುಕಿ, ಬ್ಯಾಂಕಿಗೆ ಕಾಯಂ ಸಾಮಾನು ಕೊಡುವ ಉತ್ಕರ್ಷ ಸೇಠರ ಫರ್ನಿಚರ್ ಅಂಗಡಿಗೆ ಎಳೆದೊಯ್ದ. ನಿಫಾಡ್ ಶಾಖೆಗೆ ಕಪಾಟು, ಮೇಜು, ಗ್ರಾಹಕರಿಗೆ ಸೋಫಾ ಎಲ್ಲವನ್ನೂ ಆರಿಸಿದ್ದಾಯಿತು. ಸೇಠರು ಹೇಳಿದ ಬೆಲೆ ಉಳಿದ ಹಣವನ್ನು ಗುಡಿಸಿ ಹಾಕುವಷ್ಟಿತ್ತು. ಚೌಕಾಶಿಗೆ ಬಾಯಿ ತೆರೆಯಹೋದ ನರಹರಿಯ ಬೀಡಾ ತುಂಬಿದ ಗಂಟಲಲ್ಲಿ ಏನೋ ಗೊರಗೊರ ಎಂದಿತು. ಮನ್ಮಥಪ್ಪ ಅವನ ರಟ್ಟೆ ಹಿಡಿದುಕೊಂಡ. ನರಹರಿ ಕಣ್ಣು ಮುಚ್ಚಿ ತಲೆಯಾಡಿಸಿದ, ಹಣ ಸೇಠರ ಖಾತೆಗೆ ಹೋಯಿತು.

ಸಂಜೆ ಕಾಶೀನಾಥರು ಬಜೆಟ್ ಪೂರ್ತಿ ಖಾಲಿಯಾದದ್ದನ್ನು ಕಂಡು ಹಿರಿಹಿರಿ ಹಿಗ್ಗಿ ಪೆನ್ನು ತೆಗೆದರು. ಅಷ್ಟರಲ್ಲಿ ಉತ್ಕರ್ಷ ಸೇಠರು ಪೇಢೆಯ ಡಬ್ಬಿ ಹಿಡಿದು ಒಳಗೆ ಬಂದರು. ಕಣ್ಣುಗಳು ಒದ್ದೆಯಾಗಿದ್ದವು. ಅಪ್ಪನ ಕಾಲದಿಂದಲೂ ತಮ್ಮ ಅಂಗಡಿಯಲ್ಲಿ ಹೇಳಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಟ್ಟವರಿಲ್ಲ, ಇಂಥ ದೊಡ್ಡ ಮನುಷ್ಯರಿಂದ ಅಷ್ಟು ಹಣ ತೆಗೆದುಕೊಂಡದ್ದಕ್ಕೆ ತಮಗೆ ಊಟವೇ ಸೇರಲಿಲ್ಲ ಎಂದು ಮರಾಠಿಯಲ್ಲಿ ಹೇಳಿಕೊಂಡರು. ಹಾಗಾಗಿ ಬಿಲ್ಲನ್ನು ತಾವೇ ಅರ್ಧಕ್ಕೆ ಇಳಿಸಿ, ಮಿಕ್ಕ ಹಣವನ್ನು ಈಗಷ್ಟೇ ಬ್ಯಾಂಕಿನ ಖಾತೆಗೆ ಮರಳಿ ಹಾಕಿದ್ದರಂತೆ.

ಹೊರಗೆ ಅಂಗಡಿಗಳ ಷಟರು ಒಂದೊಂದಾಗಿ ಇಳಿಯುತ್ತಿದ್ದವು. ಕಾಶೀನಾಥರು ಅರ್ಜಿಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಕಣ್ಣೀರು ಹಾಕಬೇಕಾಗಿದ್ದ ನರಹರಿ ಮಾತ್ರ ಸೇಠರು ತಂದಿದ್ದ ಹೊಸ ಬಿಲ್ಲನ್ನು ಮತ್ತೆ ಮತ್ತೆ ನೋಡಿದ. ಅವನ ಮುಖದ ಮೇಲೆ ತಡೆಯಲಾರದ ನಗೆ ಹರಡಿತು.

"ನಾ ಎಷ್ಟು ಜಗ್ಗಾಡಿದ್ರೂ ಇಷ್ಟು ಇಳೀತಿರಲಿಲ್ರಿ, ಸಾಹೇಬ್ರ" ಎಂದ.