ಒಳಗಿನಿಂದ ಮಡಿಸಬೇಕಾದ ಅಂಚು

ತಗಡಿನ ಪೆಟ್ಟಿಗೆಗೆ ಆರು ಮೈ, ಆರನ್ನೂ ಮುಚ್ಚಿದರೆ ಪೆಟ್ಟಿಗೆ ಪೂರ್ಣ. ಇದು ಕಾರ್ಖಾನೆಯ ನಕ್ಷೆ ವಿಭಾಗದ ಅಧಿಕೃತ ನಿಲುವು. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ.

ನಕ್ಷೆಯವನ ಹೆಂಡತಿ ತೀರಿಕೊಂಡಿದ್ದಳು. ರಜೆ ಮುಗಿಯಿತು. ಬಂದು ಕಂಪ್ಯೂಟರಿನ ಮುಂದೆ ಕೂತ. ಆಳೆತ್ತರದ ವಿದ್ಯುತ್ ಪೆಟ್ಟಿಗೆಯೊಂದನ್ನು ನಕ್ಷೆ ಬರೆಯುವ ಕ್ಯಾಡ್‌ ತಂತ್ರಾಂಶದಲ್ಲಿ ಬರೆಯಬೇಕಿತ್ತು. ಒಂದೇ ತಗಡು, ಹತ್ತಾರು ಮಡಿಕೆ. ಕೈ ಇಲ್ಲಿತ್ತು, ಮನಸ್ಸು ಮನೆಯ ಒಲೆಯ ಹತ್ತಿರ ಇತ್ತು. ಬಾಗಿಲು ಬರೆಯುವುದನ್ನು ಮರೆತ. ಕೊನೆಯ ಅಂಚನ್ನು ಹೊರಕ್ಕೆ ಮಡಿಸುವ ಬದಲು ಒಳಕ್ಕೆ ಮಡಿಸಿದ. ಪರದೆಯ ಮೇಲೆ ಪೆಟ್ಟಿಗೆ ಟಪ್ಪನೆ ಮುಚ್ಚಿಕೊಂಡಿತು. ಬಿಡಿಸು ಅಂದರೆ ಚಾಪೆಯಂತೆ ಹಾಸಿಕೊಂಡಿತು. ಮಡಿಸು ಅಂದರೆ ಮತ್ತೆ ಮುಚ್ಚಿಕೊಂಡಿತು. ತಪ್ಪು ತೋರಿಸುವ ಕೆಂಪು ಗುರುತು ಒಂದೂ ಬರಲಿಲ್ಲ. ಸಾಹೇಬರು ಸಹಿ ಹಾಕಿದರು.

ಮರುದಿನ ಭಾವಮೈದುನ ಬಂದ. ತೀರಿಕೊಂಡವಳ ತಮ್ಮ. ತಗಡು ಮಡಿಸುವ ಬೆಂಡಿಂಗ್ ಮೆಷಿನ್ನಿನಲ್ಲಿ ಕೆಲಸ.

“ಭಾವಾ, ಈ ಕೊನೇ ಮಡಿಕೆ ಹೊರಗಿಂದ ಆಗಲ್ಲ. ಒಳಗೆ ಒಬ್ಬ ನಿಂತು ಸುತ್ತಿಗೇಲಿ ತಟ್ಟಬೇಕು.”

“ತಟ್ಟಿದ ಮೇಲೆ?”

“ತಟ್ಟಿದ ಮೇಲೆ ಅವನು ಒಳಗೇ.”

ನಕ್ಷೆಯವನು ನಕ್ಷೆ ಹಿಡಿದು ಎದ್ದ. ಸಾಹೇಬರ ಮುಂದೆ ಹೋಗಿ ನಿಂತ.

“ತಪ್ಪು ನಂದೇ ಸಾರ್. ಒಂದು ಗೆರೆ ತಿದ್ದಿದ್ರೆ ಸಾಕು.”

“ತಪ್ಪಿದ್ರೆ ಪರದೆ ಹೇಳ್ತಿತ್ತಲ್ರೀ.”

“ಪರದೆಗೆ ಕೈಕಾಲಿಲ್ಲ ಸಾರ್, ಸಿಕ್ಕಿಹಾಕಿಕೊಳ್ಳೋಕೆ.”

“ಅದಕ್ಕೇ ಅದನ್ನ ನಂಬೋದು. ನಕ್ಷೆ ತಿದ್ದಿದ್ರೆ ಸಹಿ ತಪ್ಪು ಅಂತಾಗುತ್ತೆ. ಸಹಿ ನಂದು.”

ಸಂಜೆ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು.

“ಪರದೆ ಒಪ್ಪಿದ ಮಡಿಕೆಯನ್ನು ಆಗದು ಎನ್ನುವಂತಿಲ್ಲ. ಈ ಮೂಲಕ ‘ಒಳಮಡಿಕೆಗಾರ’ ಎಂಬ ಹುದ್ದೆಯನ್ನು ಸೃಷ್ಟಿಸಲಾಗಿದೆ. ಬೆಂಡಿಂಗ್ ವಿಭಾಗದ ಕಿರಿಯ ನೌಕರನು ಸದರಿ ಹುದ್ದೆಗೆ ತಾನಾಗಿಯೇ ನೇಮಕಗೊಂಡಿರುತ್ತಾನೆ. ಬಾಗಿಲಿನ ವಿಚಾರವನ್ನು ಎರಡನೇ ಹಂತದಲ್ಲಿ ಪರಿಶೀಲಿಸಲಾಗುವುದು.”

ಕಿರಿಯ ನೌಕರ ಅಂದರೆ ಭಾವಮೈದುನನೇ. ಅವನ ಹೆಂಡತಿಗೆ ದಿನ ತುಂಬಿತ್ತು.

“ಹೋಗ್ಲಿ ಬಿಡಿ ಭಾವ,” ಅಂದ. “ಗಾಳಿಗೆ ತೂತು ಬಿಟ್ಟಿದ್ದೀರಲ್ಲ.”

“ನಿಮ್ಮಕ್ಕ ಇದ್ದಿದ್ರೆ ನನ್ನ ಚರ್ಮ ಸುಲೀತಿದ್ಳು ಕಣೋ.”

“ಅಕ್ಕ ಸುಲಿದಿದ್ರೆ ಅಂಚಾದ್ರೂ ನೆಟ್ಟಗಿರ್ತಿತ್ತು.”

ಇಬ್ಬರೂ ನಕ್ಕರು. ನಕ್ಷೆಯವನು ಅವನ ಕೈಯಿಂದ ಸುತ್ತಿಗೆ ಇಸಿದುಕೊಂಡ. “ನೀನು ಹೊರಗಿಂದ ಒತ್ತಿ ಹಿಡಿ” ಅಂದು ತಗಡಿನೊಳಗೆ ಹೋದ. ಟಣ್ ಟಣ್ ಎಂದು ತಟ್ಟಿದ. ಅಂಚು ಮಡಿಯಿತು. ನಕ್ಷೆಯಲ್ಲಿದ್ದಂತೆಯೇ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು.

ತಪಾಸಣೆಯಲ್ಲಿ ಸಣ್ಣ ತೊಡಕಾಯಿತು. ಪೆಟ್ಟಿಗೆ ನಕ್ಷೆಗಿಂತ ಒಬ್ಬ ಮನುಷ್ಯನಷ್ಟು ಭಾರ. “ಕತ್ತರಿಸಿ ತೆಗೀರಿ ಸಾರ್” ಎಂದು ಭಾವಮೈದುನ ಅಂಗಲಾಚಿದ. ನಕ್ಷೆಯಲ್ಲಿಲ್ಲದ ತೂತು ಕೊರೆಯುವುದು ಅಪರಾಧ ಎಂದು ತಿಳಿಸಲಾಯಿತು. ಬದಲಿಗೆ ನಕ್ಷೆಗೇ ಮನುಷ್ಯನನ್ನು ಸೇರಿಸಲಾಯಿತು. ಸೇರಿಸುವುದು ತಿದ್ದುವುದಲ್ಲ ಎಂದು ಸಾಹೇಬರು ವಿವರಿಸಿದರು. ಭಾಗ: ಮನುಷ್ಯ. ಮಡಿಕೆ: ಮೊಣಕಾಲಿನಲ್ಲಿ ಎರಡು. ತೂಕ ಸರಿಹೋಯಿತು.

ಗಿರಾಕಿಗೆ ಪೆಟ್ಟಿಗೆ ಹಿಡಿಸಿತು. ಆಗಾಗ ಕೆಮ್ಮುತ್ತದೆ ಎಂದೊಂದು ದೂರು ಬಂತು. ಕೆಮ್ಮು ಮಿತಿಯೊಳಗಿದೆ ಎಂದು ಉತ್ತರ ಹೋಯಿತು.

ಭಾವಮೈದುನ ಗಿರಾಕಿಯ ಜಾಗಕ್ಕೂ ಹೋಗುತ್ತಿದ್ದ. ಗಾಳಿತೂತಿನಲ್ಲಿ ಬ್ರೆಡ್ಡಿನ ಚೂರು ತೂರಿಸುತ್ತಿದ್ದ.

“ಭಾವಾ, ಹೆಣ್ಣುಮಗು. ಅಕ್ಕನ ಹೆಸರೇ ಇಟ್ವಿ.”

ಒಳಗಿನಿಂದ ತೂತಿನ ಹತ್ತಿರ ಒಂದು ಕಣ್ಣು ಬಂತು.

“ಮೂಗು ಯಾರದು?”

“ಅಕ್ಕಂದೇ.”

“ಹಾಗಾದ್ರೆ ಜೋರಿರ್ತಾಳೆ. ಹುಷಾರು.”

“ತಗಡಿನ ಕತ್ತರಿ ತಂದಿದ್ದೀನಿ ಭಾವ. ಬಂದ್ಬಿಡಿ.”

“ಬೇಡ ಕಣೋ. ನಾನು ಬಂದ್ರೆ ತೂಕ ಕಮ್ಮಿಯಾಗುತ್ತೆ. ಆಮೇಲೆ ನಿನ್ನ ತುಂಬ್ತಾರೆ.”

ಗಿರಾಕಿ ಇನ್ನೂ ಹತ್ತು ಪೆಟ್ಟಿಗೆ ಕೇಳಿದ. ಪರದೆಯಲ್ಲಿ ನಕಲು ತೆಗೆಯುವುದು ಒಂದು ಗುಂಡಿಯ ಕೆಲಸ. ಮನುಷ್ಯನ ಸಮೇತ ಹತ್ತೂ ಬಂದವು. ಹೊಸ ಪ್ರಕಟಣೆ ಹೊರಟಿತು: “ಒಳಮಡಿಕೆಗಾರರು ಬೇಕಾಗಿದ್ದಾರೆ. ಮನೆಯಲ್ಲಿ ಯಾರೂ ಕಾಯದವರಿಗೆ ಮಾತ್ರ.”

ಬೆಳಿಗ್ಗೆ ಸಾಲು ಗೇಟು ದಾಟಿತ್ತು. ಎಲ್ಲರ ಕಂಕುಳಲ್ಲೂ ದಿಂಬು. ಹಳೆಯ ಆದೇಶದಂತೆ ಭಾವಮೈದುನನೇ ಮೊದಲು ನಿಂತಿದ್ದ.

“ಮನೇಲಿ ಯಾರಿದ್ದಾರೆ?” ಸಾಹೇಬರು ಕೇಳಿದರು.

“ಹೆಂಡತಿ, ಕೂಸು ಸಾರ್.”

“ಅನರ್ಹ. ಮನೆಗೆ ಹೋಗು. ಮುಂದಿನವರು?”

ವಯಸ್ಸಾದವನೊಬ್ಬ ದಿಂಬು ಸರಿಮಾಡಿಕೊಂಡು ಮುಂದೆ ಬಂದ.

“ಒಳಗೆ ಮಾತಾಡಬಹುದಾ ಸಾರ್?”

“ಯಾರ ಜೊತೆ?”

“ಅಭ್ಯಾಸ ಸಾರ್.”

ಸಾಹೇಬರು ನಿಯಮ ನೋಡಿದರು. ಅಡ್ಡಿ ಕಾಣಲಿಲ್ಲ.

“ಮೆಲ್ಲಗೆ ಮಾತಾಡಿ.”

ಅವನು ಕೈಮುಗಿದು ಒಳಗೆ ಹೋದ.