ಎಮ್ಮೆ ಸತ್ತ ಮನೆಗೆ ಬುತ್ತಿ

ಬಸವಪ್ರಸಾದ ಫೋನಿನಲ್ಲಿ ಒಂದು ಹೆಬ್ಬೆರಳು ಒತ್ತಿದ. ಅವನು ಮಾಡಿದ ತಪ್ಪು ಅಷ್ಟೇ.

ಶಿವಬಸವ ನಗರದ ತನ್ನ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತ ನಿಂತಿದ್ದ. ಫೋನು ಸದ್ದು ಮಾಡಿತು. ನೋಡಿದರೆ ‘ಬೀಗರ ಬಳಗ’ ಎಂಬ ವಾಟ್ಸಾಪ್ ಗುಂಪು. ಖಾನಾಪುರದಲ್ಲಿರುವ ಭಾವೀ ಮಾವನ ಮನೆಯ ಎಮ್ಮೆ ಗೌರಿ ನಸುಕಿನಲ್ಲಿ ತೀರಿಕೊಂಡಿತ್ತು. ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ ಅದರ ಫೋಟೋ, ಅದರ ಕೆಳಗೆ ಬೀಗರ ಕಡೆಯ ನಲವತ್ತೊಂದು ಮಂದಿ ಸಾಲಾಗಿ ಹಾಕಿದ ಅಳುವ ಮುಖಗಳು. ನಡುವೆ ಎಲ್ಲೋ, ದನದ ಡಾಕ್ಟರು ಬಂದು ಹೋದರು, ಹನ್ನೊಂದಕ್ಕೆ ಜೆಸಿಬಿ ಬರುತ್ತದೆ, ಹೊಲದಲ್ಲೇ ಮಣ್ಣು ಮಾಡುವುದು ಎಂದು ಅವನ ಭಾವೀ ಹೆಂಡತಿ ಸಾಕ್ಷಿ ಬರೆದಿದ್ದಳು. ಬಸವಪ್ರಸಾದ ಎಲ್ಲವನ್ನೂ ಓದಿದ. ತಿಳಿಯಿತು ಎನ್ನುವ ಅರ್ಥದಲ್ಲಿ ಒಂದು ಹೆಬ್ಬೆರಳು ಹಾಕಿ, ಅಂಗಿಯ ಕಾಲರಿನ ಕಡೆ ಹೊರಳಿದ.

ಅವನಿಗೀಗ ಮೂವತ್ನಾಲ್ಕು. ಹನ್ನೊಂದು ಕಡೆ ಕನ್ಯೆ ನೋಡಿ, ಹನ್ನೊಂದು ಕಡೆಯ ಉಪ್ಪಿಟ್ಟು ತಿಂದು ಬಂದ ಮೇಲೆ ಹನ್ನೆರಡನೆಯವಳಾಗಿ ಸಿಕ್ಕವಳು ಸಾಕ್ಷಿ. ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಆದರೆ ನಕ್ಕಾಗ ಪೂರಾ ನಗುವವಳು. ಅವಳು ಒಪ್ಪಿದ ದಿನದಿಂದ ಬಸವಪ್ರಸಾದ ತಾನು ಕೆಲಸ ಮಾಡುವ ಚಷ್ಮಾ ಅಂಗಡಿಯಲ್ಲಿ ಗಾಜು ಉಜ್ಜುವಾಗಲೂ ಒಬ್ಬನೇ ನಗುತ್ತಿದ್ದ. ನಿಶ್ಚಯ ಮುಗಿದಿತ್ತು, ಮೇ ತಿಂಗಳಲ್ಲಿ ಮದುವೆ. ಇದೂ ತಪ್ಪಿದರೆ ತನ್ನ ಗತಿ ಏನು ಎಂದು ವಾರಕ್ಕೊಮ್ಮೆ ಅವನಿಗೆ ಸುಮ್ಮನೆ ಹೆದರಿಕೆಯಾಗುತ್ತಿತ್ತು.

ಆ ಹೆದರಿಕೆಗೆ ಕಾರಣ ಒದಗಿಸಿದವಳು ಅಂಗಡಿಯ ಕೌಂಟರಿನ ಪೂನಮ್. ಅವಳು ಆರು ತಿಂಗಳಿನಿಂದ ಮನುಷ್ಯರ ಸ್ವಭಾವದ ಬಗ್ಗೆ ರೀಲ್ಸ್ ನೋಡುತ್ತಿದ್ದಳು. ನೋಡಿ ನೋಡಿ ಈಗ ಚಷ್ಮಾ ಕೊಳ್ಳಲು ಬಂದವರ ನಂಬರು ತಿಳಿಯುವ ಮೊದಲೇ ಅವರ ಮನಸ್ಸಿನ ರೋಗ ಹೇಳುತ್ತಿದ್ದಳು. ಕೊರಿಯರಿನ ಹುಡುಗನಿಗೆ ಯಾರ ಮೇಲೂ ನಂಬಿಕೆ ಇಲ್ಲದ ರೋಗ, ಮಾಲೀಕ ಆದಿನಾಥ ಅವರಿಗೆ ಎಲ್ಲರನ್ನೂ ಹಿಡಿತದಲ್ಲಿಡುವ ರೋಗ. ಅವಳ ಅತ್ತೆಗೆ ಮಾತ್ರ ಮೂರು ರೋಗ ಒಟ್ಟಿಗೇ ಇದ್ದವು. ಬಸವಪ್ರಸಾದನ ಕಡತ ಇನ್ನೂ ತೆರೆದಿರಲಿಲ್ಲ. ಅಂದು ಅವನೇ ಹೋಗಿ, ಎಮ್ಮೆ ಸತ್ತ ಸುದ್ದಿ ಹೇಳಿ, ಫೋನು ತೋರಿಸಿದ.

ಪೂನಮ್ ಫೋಟೋ ನೋಡಿದಳು, ಅಳುವ ಮುಖಗಳನ್ನು ನೋಡಿದಳು, ಕೊನೆಗೆ ಹೆಬ್ಬೆರಳನ್ನು ನೋಡಿದಳು.

"ಪ್ರಸಾದಣ್ಣಾ, ಸತ್ತದ್ದಕ್ಕ ಹೆಬ್ಬೆರಳ ಹಾಕೀರಿ? ಬಾಳ ಚಲೋ ಆತು ಅಂತನ?"

"ತಿಳೀತು ಅಂತ ಹಾಕೇನ್ರಿ."

"ನಿಮಗ ಎಂಪಥಿ ಇಲ್ಲ," ಎಂದಳು ಪೂನಮ್. ಪಕ್ಕದ ಮನೆಯವರಿಗೆ ಗ್ಯಾಸ್ ಬಂದಿಲ್ಲ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಎಂಪಥಿ ಅಂದರೆ ಏನೆಂದು ಅವನು ಕೇಳಿದ. ಇನ್ನೊಬ್ಬರ ನೋವು ನಮ್ಮ ಎದೆಯಲ್ಲಿ ನೋಯುವುದು ಎಂದು ವಿವರಿಸಿ, ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಫೋನಿನಲ್ಲೇ ಇಪ್ಪತ್ತು ಪ್ರಶ್ನೆಯ ಪರೀಕ್ಷೆ ತೆಗೆದುಕೊಂಡಳು. ಗೆಳೆಯ ಅಳುತ್ತಿದ್ದರೆ ಏನು ಮಾಡುತ್ತೀರಿ ಎಂಬುದಕ್ಕೆ ಅವನು, ಏನಾಯಿತು ಎಂದು ಕೇಳುತ್ತೇನೆ ಅಂದ. ಜೊತೆಗೆ ಕೂತು ಅಳುತ್ತೇನೆ ಅನ್ನಬೇಕಿತ್ತಂತೆ. ಇಪ್ಪತ್ತಕ್ಕೆ ನಾಲ್ಕು ಬಂತು. ಆರಕ್ಕಿಂತ ಕಡಿಮೆ ಬಂದವರು ತಮ್ಮನ್ನು ಬಿಟ್ಟು ಯಾರನ್ನೂ ಪ್ರೀತಿಸದ ನಾರ್ಸಿಸಿಸ್ಟರು, ಇಂಥವರಿಂದ ದೂರವಿರಿ ಎಂದು ಫೋನು ಕೆಂಪಕ್ಷರದಲ್ಲಿ ತೋರಿಸಿತು.

ಬಸವಪ್ರಸಾದನಿಗೆ ಸಿಟ್ಟು ಬರಲಿಲ್ಲ, ಕುತೂಹಲವಾಯಿತು. ಮೂವತ್ನಾಲ್ಕು ವರ್ಷ ತನ್ನೊಳಗೇ ಇದ್ದರೂ ತನ್ನೊಳಗೆ ಏನಿದೆ ಎಂದು ಅವನು ತೆರೆದು ನೋಡಿರಲಿಲ್ಲ. ಹಿಂದಿನ ಕೋಣೆಗೆ ಹೋಗಿ ಗಾಜು ಉಜ್ಜುವ ಯಂತ್ರ ಬಂದ್ ಮಾಡಿ, ಎದೆಯ ಮೇಲೆ ಕೈ ಇಟ್ಟುಕೊಂಡು ಗೌರಿಯನ್ನು ನೆನೆದ. ಅವನು ಅದನ್ನು ನೋಡಿದ್ದು ಒಂದೇ ಸಲ, ಕನ್ಯೆ ನೋಡಲು ಹೋದ ದಿನ. ಅದು ಬಾಲದಿಂದ ಅವನ ಹೊಸ ಪ್ಯಾಂಟಿಗೆ ಒಂದು ಬಾರಿಸಿತ್ತು. ಎದೆಯಲ್ಲಿ ಏನೂ ನೋಯಲಿಲ್ಲ. ಅಪ್ಪ ತೀರಿಕೊಂಡ ದಿನವನ್ನು ನೆನೆದ. ಅಂದು ಎಲ್ಲರೂ ಅಳುತ್ತಿದ್ದಾಗ ತಾನು ಪೆಂಡಾಲಿನವನನ್ನು ಹುಡುಕಿಕೊಂಡು ಓಡಾಡುತ್ತಿದ್ದದ್ದು ನೆನಪಾಯಿತು. ಹಾಗಾದರೆ ತನಗೆ ಖರೇನೇ ಏನೋ ಕಡಿಮೆ ಇದೆ ಅನ್ನಿಸಿತು.

ಅಷ್ಟರಲ್ಲಿ ಸಾಕ್ಷಿಯ ಸಂದೇಶ ಬಂತು. ‘ಇವತ್ತ ಮಧ್ಯಾಹ್ನ ಮ್ಯಾಲ ಮನೀಗೆ ಬರ್ತೀರೇನ್ರಿ? ನಿಮ್ಮ ಜೋಡಿ ಒಂದು ಮಾತು ಆಡೂದೈತಿ. ಫೋನಿನ್ಯಾಗ ಬ್ಯಾಡ.’

ಪೂನಮ್ ಅದನ್ನು ಎರಡು ಸಲ ಓದಿ, ಇದು ಸಂಬಂಧ ಮುರಿಯುವ ಮಾತು ಎಂದು ತೀರ್ಪು ಕೊಟ್ಟಳು. ಹೆಬ್ಬೆರಳು ನೋಡಿಯೇ ಆ ಹುಡುಗಿಗೆ ಇವನು ಎಂಥವನು ಎಂದು ಗೊತ್ತಾಗಿದೆ. ಉಳಿಯಬೇಕಿದ್ದರೆ ಇವತ್ತೇ ಎಂಪಥಿ ಕಲಿಯಬೇಕು. ಅವಳು ಕಲಿಸಿದಳು ಕೂಡ. ಎದುರಿನವರು ದುಃಖ ಹೇಳುವಾಗ ಕತ್ತು ಸ್ವಲ್ಪ ವಾಲಿಸಬೇಕು, ಅವರ ಕೊನೆಯ ಮಾತನ್ನು ಮೆಲ್ಲಗೆ ತಿರುಗಿ ಅನ್ನಬೇಕು, ನೀರು ಬರದಿದ್ದರೂ ಕಣ್ಣು ಒರೆಸಿಕೊಳ್ಳಬೇಕು.

ಮಾಲೀಕ ಆದಿನಾಥ ಇಷ್ಟೂ ಹೊತ್ತು ಹಳೆಯ ಫ್ರೇಮುಗಳ ಧೂಳು ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದರು. ಅವರು ರೀಲ್ಸ್ ನೋಡುವವರಲ್ಲ. ರೀತಿ ರಿವಾಜು ಬಲ್ಲವರು.

"ಆ ಅಜ್ಜಿ ಎಮ್ಮೀಗೆ ಏನಂತ ಬರದಾಳ ನೋಡು," ಎಂದರು ಫೋನಿನೊಳಗೆ ಇಣುಕಿ.

ಫೋಟೋದ ಕೆಳಗೆ ಸಾಕ್ಷಿಯ ಅಜ್ಜಿ ಶಿವಲಿಂಗವ್ವನ ಹೆಸರಿನಲ್ಲಿ ಯಾರೋ ‘ನಮ್ಮ ಮನಿ ಮಗಳು ಹೋದಳು’ ಎಂದು ಬರೆದಿದ್ದರು.

"ಮಗಳು ಅಂದ ಮ್ಯಾಲ ಮುಗೀತು. ಸಾವಾದ ಮನ್ಯಾಗ ಒಲಿ ಹಚ್ಚೂದಿಲ್ಲ. ಬೀಗರು ಬರಿಗೈಲೇ ಹೋಗಬಾರದು. ಬುತ್ತಿ ತಗೊಂಡ ಹೋಗು."

"ಎಮ್ಮೀಗೆ ಬುತ್ತಿ ಏನ್ರಿ ಸಾಹೇಬ್ರ?"

"ಎಮ್ಮೀಗೆ ಅಲ್ಲೋ, ಮನ್ಯಾವರಿಗೆ."

ಪೂನಮ್ ಕೂಡ ಹೌದೆಂದಳು. ಅವಳು ಮತ್ತು ಆದಿನಾಥ ಒಂದು ವಿಷಯದಲ್ಲಿ ಒಪ್ಪಿದ್ದು ಆ ಅಂಗಡಿಯ ಇತಿಹಾಸದಲ್ಲಿ ಅದೇ ಮೊದಲು. ಹೀಗಾಗಿ ಬಸವಪ್ರಸಾದನಿಗೂ ಅದು ಸರಿಯೇ ಇರಬೇಕು ಅನ್ನಿಸಿತು. ಶಾಂತಮ್ಮನ ಖಾನಾವಳಿಗೆ ಹೋಗಿ ಮೂವತ್ತು ಜೋಳದ ರೊಟ್ಟಿ, ಡಬ್ಬಿ ತುಂಬ ಕಡಲೆಹಿಟ್ಟಿನ ಝುಣಕ, ಒಂದಿಷ್ಟು ಕೆಂಪು ಮೆಣಸಿನಕಾಯಿ ಅರೆದ ರಂಜಕ ಕಟ್ಟಿಸಿಕೊಂಡ. ಯಾರು ಹೋದರು ಎಂದು ಶಾಂತಮ್ಮ ಮೆಲುದನಿಯಲ್ಲಿ ಕೇಳಿದಾಗ, ಬೀಗರ ಮನೆಯ ಮಗಳು ಎಂದ. ಪೂರಾ ಸುಳ್ಳೇನೂ ಆಗಿರಲಿಲ್ಲ.

ಖಾನಾಪುರದ ಬಸ್ಸಿನಲ್ಲಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಲಿತದ್ದನ್ನು ಒಮ್ಮೆ ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕು ಅನ್ನಿಸಿತು. ಬಾಜು ಕೂತ ಹೆಂಗಸು ನಿಟ್ಟುಸಿರು ಬಿಟ್ಟು, ಸೊಸೆ ಎಂಟು ದಿನದಿಂದ ಮಾತಾಡುತ್ತಿಲ್ಲ ಅಂದಳು. ಬಸವಪ್ರಸಾದ ಕತ್ತು ವಾಲಿಸಿ, "ಮಾತಾಡವಲ್ಲಳು," ಅಂದ. ಹೌದು, ಮಗನೂ ಅವಳ ಕಡೆಗೇ ಹೊರಳಿದ್ದಾನೆ ಅಂದಳು. "ಹೊರಳ್ಯಾನ," ಅಂದ. ಇಷ್ಟು ತಿಳಿಯುವವನು ತನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ ಎನ್ನುವಂತೆ ಆ ತಾಯಿ ತನ್ನ ಸಂಸಾರ ಪೂರ್ತಿ ಬಿಚ್ಚಿದಳು. ಅವಳು ಮೊಮ್ಮಗನ ಜವಳದವರೆಗೆ ಬರುವಷ್ಟರಲ್ಲಿ ದೇಸೂರು ದಾಟಿ ಹೋಗಿತ್ತು. ಅವಳು ಇಳಿಯಬೇಕಾದದ್ದು ದೇಸೂರಿನಲ್ಲೇ. ಅವಳು ಬೈದದ್ದು ಇವನನ್ನು, ಕಂಡಕ್ಟರ್ ಬೈದದ್ದೂ ಇವನನ್ನು. ಸುಮ್ಮನೆ ಕೂರಲು ಬರುವುದಿಲ್ಲವೇ ಎಂದು ಕಂಡಕ್ಟರ್ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಕೇಳಿದ. ಪ್ರಯೋಗ ಫಲಿಸಿತೋ ಇಲ್ಲವೋ ಬಸವಪ್ರಸಾದನಿಗೆ ತಿಳಿಯಲಿಲ್ಲ. ಆದರೆ ಆ ಹೆಂಗಸು ಇಳಿಯುವಾಗ ಬೈಗುಳದ ನಡುವೆಯೇ ಅವನ ತಲೆ ಸವರಿ ಹೋಗಿದ್ದಳು.

ಖಾನಾಪುರದ ಮನೆಯ ಪಡಸಾಲೆಯಲ್ಲಿ ಗೌರಿಯ ಫೋಟೋಕ್ಕೆ ಊದಿನಕಡ್ಡಿ ಹಚ್ಚಿಟ್ಟಿದ್ದರು. ಮಾವ ಗುರುಪುತ್ರಪ್ಪ ಗೋಡೆಗೆ ಒರಗಿ ಕೂತಿದ್ದರು. ಅವರ ಅಕ್ಕ ಅಕ್ಕವ್ವ ಬೀಡಿ ಊರಿನಿಂದ ಬಂದು ಅವರ ಎದುರಿಗೆ ಕೂತಿದ್ದಳು. ಮೂಲೆಯಲ್ಲಿ ಅಜ್ಜಿ ಶಿವಲಿಂಗವ್ವ, ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಬಸವಪ್ರಸಾದ ಹೊಸ್ತಿಲು ದಾಟಿ, ಬುತ್ತಿಯ ಗಂಟನ್ನು ಅಜ್ಜಿಯ ಮುಂದಿಟ್ಟ.

ಅದನ್ನು ನೋಡಿ ಗುರುಪುತ್ರಪ್ಪನವರು ಅಳಲು ಶುರು ಮಾಡಿದರು. ಅವರ ಹಿಂದೆ ಅಕ್ಕವ್ವ, ಅವಳ ಹಿಂದೆ ಸಾಕ್ಷಿಯ ತಾಯಿ, ಬಾಗಿಲಲ್ಲಿ ಇಣುಕಿದ್ದ ನೆರೆಮನೆಯ ಕಾಂತಾ ಕೂಡ.

"ನಮ್ಮ ರಕ್ತಸಂಬಂಧಿಗಳಿಗೆ ಸೈತ ಇದು ಹೊಳೀಲಿಲ್ಲ," ಅಂದಳು ಅಕ್ಕವ್ವ. "ಎಮ್ಮೀನ ಮಗಳಂಗ ತಿಳದು ಬುತ್ತಿ ತಂದಾರ. ಮುಂಜಾನಿಯಿಂದ ಅವ್ವ ಒಂದ ತುತ್ತ ಮುಟ್ಟಿಲ್ಲ. ಬುತ್ತಿ ತಂದವ್ರ ಕೈಲೇ ಮೊದಲ ತುತ್ತ ಆಗಲಿ."

ಬಸವಪ್ರಸಾದ ರೊಟ್ಟಿ ಮುರಿದು, ಝುಣಕಕ್ಕೆ ಅದ್ದಿ, ರಂಜಕ ಹಚ್ಚಿ, ಅಜ್ಜಿಯ ಬಾಯಿಗಿಟ್ಟ. ಅಜ್ಜಿ ಅಗಿಯುತ್ತ, ಗೌರಿ ಹದಿನಾರು ವರ್ಷ ಈ ಮನೆಗೆ ಹಾಲು ಕೊಟ್ಟಳು ಅಂದಳು. "ಹಾಲ ಕೊಟ್ಟಳು," ಅಂದ ಬಸವಪ್ರಸಾದ. ತನ್ನ ಕೂಗು ಕೇಳಿದರೆ ಕಟ್ಟಿದ ಹಗ್ಗವನ್ನೇ ಜಗ್ಗುತ್ತಿದ್ದಳು ಅಂದಳು. "ಜಗ್ಗತಿದ್ಲು," ಅಂದ. ಈಗ ಪೂನಮ್ ಹೇಳಿದ ಮೂರನೆಯ ಕೆಲಸ ಉಳಿದಿತ್ತು. ಅವನು ಬಲಗೈಯನ್ನೇ ಎತ್ತಿ ಎರಡೂ ಕಣ್ಣು ಚೆನ್ನಾಗಿ ಒರೆಸಿಕೊಂಡ.

ಬೆರಳಿಗೆ ರಂಜಕ ಹತ್ತಿದ್ದು ಅವನಿಗೆ ಆಗ ನೆನಪಾಯಿತು.

ಅದರ ನಂತರ ಅವನು ಅತ್ತದ್ದನ್ನು ಅಳು ಎಂದರೆ ಕಡಿಮೆಯಾಗುತ್ತದೆ. ಕಣ್ಣು ಮುಚ್ಚಿದರೂ ನೀರು, ತೆರೆದರೂ ನೀರು, ಜೊತೆಗೆ ಮೂಗು. ಅಯ್ಯಯ್ಯೋ ಎಂದು ಅವನು ಕೂಗಿದ್ದು ಉರಿಗೆ. ಆದರೆ ಆ ಪಡಸಾಲೆಯಲ್ಲಿ ಅದನ್ನು ಬೇರೆ ಅರ್ಥದಲ್ಲಿ ತಿಳಿಯಲು ಯಾರಿಗೂ ಕಾರಣವಿರಲಿಲ್ಲ. ಗುರುಪುತ್ರಪ್ಪ ಅವನನ್ನು ತಬ್ಬಿಕೊಂಡರು. ಕಾಂತಾ ಓಣಿಯ ಮತ್ತೆ ಆರು ಮಂದಿಯನ್ನು ಕರೆತಂದಳು. ಅಕ್ಕವ್ವ ಅಳುತ್ತಲೇ ಫೋನು ತೆಗೆದು ವಿಡಿಯೊ ಮಾಡಿ ಬಳಗಕ್ಕೆ ಕಳಿಸಿದಳು.

ಅಡುಗೆಮನೆಯ ಬಾಗಿಲಲ್ಲಿ ಸಾಕ್ಷಿ ನಿಂತಿದ್ದಳು. ಅವಳ ಕಣ್ಣು ಒಣಗಿತ್ತು. ಇಡೀ ಮನೆಯಲ್ಲಿ ಅಳದಿದ್ದವಳು ಅವಳೊಬ್ಬಳೇ. ಬರ್ರಿ, ಮುಖ ತೊಳಕೊಳ್ರಿ ಎಂದು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

ಖಾಲಿಯಾದ ಕೊಟ್ಟಿಗೆಯ ಮುಂದೆ, ಸಾಕ್ಷಿ ಕೊಡಪಾನದ ನೀರು ಅವನ ಕೈಗೆ ಹಾಕಿದಳು. ಬಸವಪ್ರಸಾದ, ಈಗ ಹೇಳುತ್ತಾಳೆ, ಈಗ ಮುರಿಯುತ್ತಾಳೆ ಎಂದು ಕಾಯುತ್ತಿದ್ದ.

"ಖರೇ ಹೇಳ್ಲೇನ್ರಿ? ನಮ್ಮ ಮನ್ಯಾಗ ಹಾಲ ಉಕ್ಕಿದ್ರೂ ನಾಕ ಮಂದಿ ಅಳ್ತಾರ. ಮುಂಜಾನೆ ಡಾಕ್ಟರ್‌ನ ಕರದಾಕಿ ನಾ, ಜೆಸಿಬಿ ಹೇಳಿದಾಕಿ ನಾ. ಹನ್ನೊಂದಕ್ಕ ಅಂತ ಬರದ್ರ ಒಬ್ಬರೂ ಹೂಂ ಅನ್ಲಿಲ್ಲ, ಬರೇ ಅಳು. ನೀವೊಬ್ಬರ ಹೆಬ್ಬೆರಳ ಹಾಕಿದ್ರಿ. ನನ್ನ ಮಾತ ಓದಿದವ್ರು ಒಬ್ಬರರ ಅದಾರ ಅನ್ನಿಸ್ತು." ಅವಳು ಕೊಡ ಕೆಳಗಿಟ್ಟಳು. "ಮದಿವಿ ಮೇ ತಿಂಗಳ ತನಕಾ ಬ್ಯಾಡ, ಮುಂದಿನ ತಿಂಗಳ ಇಟ್ಕೊಳ್ಳೂಣು ಅಂತ ಕೇಳಾಕ ಕರಸಿದ್ದೆ. ಅಪ್ಪಾರೂ ಒಪ್ಪಿದ್ರು. ಈಗ ನೋಡಿದ್ರ ನೀವು ಅವರಿಗಿಂತ ಜೋರ ಅಳ್ತೀರಿ."

ಬಸವಪ್ರಸಾದ ಎಲ್ಲವನ್ನೂ ಹೇಳಿಬಿಟ್ಟ. ಪೂನಮ್ಮಳ ಪರೀಕ್ಷೆ, ಇಪ್ಪತ್ತಕ್ಕೆ ನಾಲ್ಕು, ದೇಸೂರಿನ ಹೆಂಗಸು, ಕೊನೆಗೆ ರಂಜಕ. ಕೆಂಪಾದ ಬೆರಳನ್ನೂ ತೋರಿಸಿದ. ಸಾಕ್ಷಿ ಬೆರಳನ್ನು ಮೂಸಿ ನೋಡಿದಳು. ನೋಡಿ ನಕ್ಕಳು, ಪೂರಾ ನಕ್ಕಳು, ಕೊಟ್ಟಿಗೆಯ ಕಂಬ ಹಿಡಿದುಕೊಂಡು ನಕ್ಕಳು.

"ನಾಕು ಬಂತ? ನನಗ ಎರಡ ಬರ್ತಿತ್ತು ಬಿಡ್ರಿ," ಅಂದಳು. "ಹಂಗಾರ ಮುಂದಿನ ತಿಂಗಳ."

ಮೂವತ್ನಾಲ್ಕು ವರ್ಷದಲ್ಲಿ ಬಸವಪ್ರಸಾದನಿಗೆ ಅಷ್ಟು ಸಂತೋಷ ಆಗಿರಲಿಲ್ಲ. ಕಣ್ಣು ಉರಿಯುತ್ತಿದ್ದರೂ ಹಿತ್ತಲಿನ ತೆಂಗಿನ ಮರ, ಬಟ್ಟೆ ಒಣಹಾಕಿದ ಹಗ್ಗ, ಎಲ್ಲವೂ ಚೆಂದ ಕಂಡವು. ಇಬ್ಬರೂ ಒಳಗೆ ಬಂದರು.

ಒಳಗೆ ಅಷ್ಟರಲ್ಲಿ ಸಭೆ ಮುಗಿದಿತ್ತು. ಗುರುಪುತ್ರಪ್ಪ ಎದ್ದು ನಿಂತು, ಭಾವೀ ಅಳಿಯನ ಹೆಗಲ ಮೇಲೆ ಕೈಯಿಟ್ಟರು.

"ನಾವು ಮುಂದಿನ ತಿಂಗಳ ಮದಿವಿ ಅಂತ ಮಾತಾಡಿದ್ವಿ. ತಪ್ಪಾತು. ಸೂತಕ ಗೀತಕ ನಾವು ಹಿಡಿಯಾವ್ರಲ್ಲ, ಆ ಮಾತು ಬ್ಯಾರೆ. ಆದ್ರ ಬೀಗರ ಮನಿ ಬುತ್ತಿ ಬಂದ ಮ್ಯಾಲ ಮನಿ ಮಗಳು ಹೋದಂಗ ಆತು. ಮಗಳು ಹೋದ ಮನ್ಯಾಗ ವರ್ಷ ತುಂಬೂತನಕಾ ಬಾಜಾ ಬಜಂತ್ರಿ ಹೆಂಗ ಮಾಡೂದು?"

ಸಾಕ್ಷಿ ಬಾಯಿ ತೆರೆದಳು. ಗುರುಪುತ್ರಪ್ಪ ಕೈ ಅಡ್ಡ ಮಾಡಿದರು. ತಮಗೇನೋ ಅವಸರವಿತ್ತು, ಆದರೆ ಹೀಗೆ ಎದೆ ಒಡೆದುಕೊಂಡು ಅತ್ತವನನ್ನು ಮುಂದಿನ ತಿಂಗಳೇ ಹಸೆಮಣೆಯ ಮೇಲೆ ಕೂರಿಸುವುದು ಪಾಪ ಎಂದರು. ಅವನ ಮನಸ್ಸು ತಾವು ತಿಳಿದುಕೊಳ್ಳದಿದ್ದರೆ ಇನ್ನಾರು ತಿಳಿದುಕೊಳ್ಳಬೇಕು ಎಂದರು. ಬಳಗದಲ್ಲಿ ವಿಡಿಯೊ ನೋಡಿದವರೆಲ್ಲರೂ ಅದನ್ನೇ ಹೇಳಿದ್ದರಂತೆ.

ಬಸವಪ್ರಸಾದ ಹೇಳಬೇಕಾದದ್ದು ಒಂದೇ ಶಬ್ದವಿತ್ತು, ರಂಜಕ. ಅದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಮುಂದಿನ ತಿಂಗಳೇ ಮದುವೆ. ಆದರೆ ಅವನ ಕಣ್ಣು ಮೂಲೆಯ ಕಡೆ ಹೋಯಿತು. ಶಿವಲಿಂಗವ್ವ ಎರಡನೆಯ ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದಳು. ಬೆಳಿಗ್ಗೆಯಿಂದ ಬತ್ತಿದ್ದ ಮುಖದಲ್ಲಿ ಸ್ವಲ್ಪ ಜೀವ ಬಂದಿತ್ತು. ತನ್ನ ಗೌರಿಗಾಗಿ ಹೊರಗಿನವನೊಬ್ಬ ಅತ್ತ ಎಂಬ ಒಂದೇ ಸಮಾಧಾನದ ಮೇಲೆ ಆ ಮುದುಕಿ ಉಣ್ಣುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ತಿಳಿದು, ಎದೆಯಲ್ಲಿ ಸಣ್ಣಗೆ ನೋಯಿತು.

"ನಿನ್ನ ದುಃಖ ನನಗ ತಿಳೀತೈತಪ್ಪಾ," ಅಂದಳು ಅಜ್ಜಿ, ಅಗಿಯುತ್ತ. "ಒಂದ ವರ್ಷ ತಡಿಯೂಣು. ಬರೋಬರಿ ಹೌದಲ್ಲೋ?"

ಬಸವಪ್ರಸಾದ ಸಾಕ್ಷಿಯ ಕಡೆ ನೋಡಿದ. ಅವಳು ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು.

"ಬರೋಬರಿ ಐತಿ ಅಜ್ಜಿ," ಅಂದ ಅವನು.

ಸಾಕ್ಷಿ ಅವನನ್ನೇ ನೋಡುತ್ತ ನಿಂತಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಮನೆಯಲ್ಲಿ ಅವಳು ಅತ್ತದ್ದನ್ನು ಯಾರೂ ಈವರೆಗೆ ನೋಡಿರಲಿಲ್ಲ. ಎಮ್ಮೆಯ ಮೇಲೆ ಇವಳಿಗೂ ಇಷ್ಟು ಜೀವವಿತ್ತೇ ಎಂದು ಅಕ್ಕವ್ವ ಅಚ್ಚರಿಪಟ್ಟು, ಮತ್ತೆ ಫೋನು ಹೊರತೆಗೆದಳು.