ಭಾವನ ಸೋಮವಾರದ ವರದಿ

ನಮ್ಮ ಭಾವನಿಗೆ ಗುಟ್ಟು ಹೇಳುವವರು ಎರಡೇ ಬಗೆ. ಒಂದು, ಅವರನ್ನು ಅರಿಯದವರು. ಇನ್ನೊಂದು, ತಮ್ಮ ಗುಟ್ಟು ಸಂಜೆಯೊಳಗೆ ಅಜ್ಜಂಪುರ ದಾಟಿ ಬೀರೂರು ಮುಟ್ಟಲಿ ಎಂದು ಬಯಸುವವರು. ಭಾವ ಚಾಡಿಕೋರರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯವರು ಏನು ಸಾರು ಮಾಡಿದರೆಂಬುದು ಅವರಿಗೆ ಬೇಕಿಲ್ಲ. ಆದರೆ ಹತ್ತು ಜನಕ್ಕೆ ಸಂಬಂಧಪಟ್ಟ ವಿಷಯ ಒಬ್ಬರ ಮೇಜಿನ ಡ್ರಾಯರಿನಲ್ಲಿ ಮಲಗಿದೆ ಎಂದರೆ ಅವರಿಗೆ ಅನ್ನ ಸೇರುವುದಿಲ್ಲ. ಇಂಥವರನ್ನು ಒಂದು ವಿಶ್ವವಿದ್ಯಾಲಯ ಆಡಳಿತದ ಕುರ್ಚಿಯಲ್ಲಿ ಕೂರಿಸಿತು. ಯಾಕೆ ಕೂರಿಸಿತು ಅಂತೀರಾ? ಅಜ್ಜಂಪುರಕ್ಕೆ ಬರಲು ಬೇರೆ ಯಾರೂ ಒಪ್ಪಿರಲಿಲ್ಲ.

ಊರ ಹೊರಗೆ, ತರೀಕೆರೆಗೆ ಹೋಗುವ ದಾರಿಯಲ್ಲಿ ಆ ವಿಶ್ವವಿದ್ಯಾಲಯದ ಪುಟ್ಟದೊಂದು ಸ್ನಾತಕೋತ್ತರ ಕೇಂದ್ರವಿದೆ. ಎಂ.ಎ., ಎಂ.ಕಾಂ. ಓದಲು ಸುತ್ತಲಿನ ಹಳ್ಳಿಯ ಮಕ್ಕಳು ಬರುತ್ತಾರೆ. ಭಾವ ಅರ್ಥಶಾಸ್ತ್ರದ ಅಧ್ಯಾಪಕರಾಗಿ ಬಂದು ಅಲ್ಲಿಗೇ ನಿರ್ದೇಶಕರಾದರು. ಗೇಟಿನ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ. ಅಕ್ಕನ ಗಂಡ ನಿರ್ದೇಶಕ, ಎದುರಿಗೆ ಭಾಮೈದನ ಅಂಗಡಿ ಎಂದರೆ ಜನ ಏನೇನೋ ಲೆಕ್ಕ ಹಾಕಬಹುದು. ನನಗೆ ಸಿಕ್ಕಿದ್ದು ಇಷ್ಟೇ: ಪ್ರತಿ ಭಾನುವಾರ ಭಾವನ ವರದಿಯನ್ನು ಟೈಪ್ ಮಾಡುವ ಕೆಲಸ.

ಆ ವರದಿಯ ಕಥೆ ಹೀಗೆ. ಅಧಿಕಾರ ವಹಿಸಿಕೊಂಡ ಮೊದಲ ಸೋಮವಾರ ಭಾವ ಎಲ್ಲರನ್ನೂ ಅಂಗಳದ ಹೊಂಗೆಮರದ ಕೆಳಗೆ ಸೇರಿಸಿದರು. ಅಧ್ಯಾಪಕರು, ಗುಮಾಸ್ತರು, ವಾಚ್‌ಮನ್, ವಿದ್ಯಾರ್ಥಿಗಳು, ಎಲ್ಲರೂ. ಹೊಸ ನಿರ್ದೇಶಕರು ಶಿಸ್ತಿನ ಬಗ್ಗೆ ಭಾಷಣ ಮಾಡುತ್ತಾರೆಂದು ಹುಡುಗರು ಆಕಳಿಸಲು ಸಿದ್ಧರಾಗಿ ನಿಂತಿದ್ದರು. ಭಾವ ಜೇಬಿನಿಂದ ಒಂದು ಹಾಳೆ ತೆಗೆದು ಓದಿದರು.

"ಕಳೆದ ವಾರದ ಆಡಳಿತ ವರದಿ. ಗ್ರಂಥಾಲಯದಲ್ಲಿ ನಾಲ್ಕು ಟ್ಯೂಬ್‌ಲೈಟ್ ಉರಿಯುತ್ತಿಲ್ಲ. ಪತ್ರ ಬರೆಯಲಾಗಿದೆ. ವಾಣಿಜ್ಯ ವಿಭಾಗಕ್ಕೆ ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ. ಪತ್ರ ಬರೆಯಲಾಗಿದೆ. ನಿರ್ದೇಶಕರು ಬುಧವಾರ ಇಪ್ಪತ್ತು ನಿಮಿಷ ತಡವಾಗಿ ಬಂದರು. ಕಾರಣ ರೈಲ್ವೆ ಗೇಟು ಎಂದು ಹೇಳಿದ್ದರು. ವಿಚಾರಿಸಲಾಗಿ ಗೇಟು ತೆರೆದೇ ಇತ್ತೆಂದು ತಿಳಿದುಬಂದಿದೆ. ಇನ್ನೊಮ್ಮೆ ಹೀಗಾಗುವುದಿಲ್ಲ."

ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ವಾಚ್‌ಮನ್ ಮಾತ್ರ ನಕ್ಕ. ಮುಂದಿನ ಸೋಮವಾರ ಅವನ ಹೆಸರೂ ವರದಿಯಲ್ಲಿ ಬಂದ ಮೇಲೆ ಅವನೂ ನಗುವುದನ್ನು ಬಿಟ್ಟ.

ವರದಿಯ ಬಲ ನನಗೆ ಅರ್ಥವಾದದ್ದು ಚಿಲಕದ ಪ್ರಸಂಗದಲ್ಲಿ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಪ್ರತಿ ಸೋಮವಾರ ಭಾವ ಕಂತ್ರಾಟುದಾರನ ಹೆಸರು ಹೇಳಿ, "ಚಿಲಕ ಬಂದಿಲ್ಲ" ಎಂದು ಓದುತ್ತಿದ್ದರು. ಐದನೆಯ ವಾರಕ್ಕೆ ಆ ಮಾತು ಅವನ ಬೀಗರ ಮನೆಯವರೆಗೂ ಹೋಯಿತು. ಅವನು ಬೆಳಗಾಗೆದ್ದು ತಾನೇ ಬಂದು ಚಿಲಕ ಜಡಿದು ಹೋದ. ಆ ಸೋಮವಾರ ಎಲ್ಲರೂ ಕಿವಿಯಾಗಿದ್ದರು.

"ಚಿಲಕ ಬಂದಿದೆ," ಎಂದರು ಭಾವ. ಚಪ್ಪಾಳೆ ಬಿತ್ತು. ಅವರು ಕೈ ಎತ್ತಿ ತಡೆದರು. "ಬಾಗಿಲ ಹೊರಗಡೆಗೆ ಹಾಕಿದ್ದಾರೆ."

ಆರನೆಯ ವಾರ ಚಿಲಕ ಒಳಗೆ ಹೋಯಿತು.

ಮನೆಯಲ್ಲಿ ಅಕ್ಕನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಕಡೂರಿನಲ್ಲಿ ನಮ್ಮ ನೆಂಟರ ಮದುವೆ. ಛತ್ರದಲ್ಲಿ ಯಾರೋ ತಿಳಿಯದೆ ಭಾವನ ಕೈಗೆ ಮೈಕು ಕೊಟ್ಟು, ವಧೂವರರಿಗೆ ಎರಡು ಮಾತು ಹೇಳಿ ಎಂದರು. ಭಾವ ನೂರ್ಕಾಲ ಬಾಳಿ ಎಂದರು. ಅದು ಒಂದು ಮಾತು. ಎರಡನೆಯ ಮಾತು ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಲು ಕೊನೆಯ ದಿನ ಯಾವುದು, ಯಾವ ಯಾವ ದಾಖಲೆ ಬೇಕು ಎಂಬುದು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಎಂದು ಅವರು ಹೇಳುತ್ತಿರುವಾಗ ಪುರೋಹಿತರು ಅಕ್ಷತೆ ಹಿಡಿದು ಕಾಯುತ್ತಿದ್ದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಮುಖ ಮಾಡಿ ಕೂತಳು. "ರೀ, ನಿಮ್ಗೆ ಮದ್ವೆ ಮನೆಗೂ ಕಾಲೇಜಿಗೂ ವ್ಯತ್ಯಾಸ ಗೊತ್ತಾಗಕಿಲ್ವಾ?"

"ಮದುಮಗಳು ಬಿ.ಎ. ಕಣೇ," ಎಂದರು ಭಾವ. "ಅವಳಿಗೆ ಇನ್ಯಾರು ಹೇಳ್ತಾರೆ?"

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಆ ಪತ್ರ ಬಂತು. ವಿಶ್ವವಿದ್ಯಾಲಯದ ಮುಖ್ಯ ಕಚೇರಿಯಿಂದ, ಮೇಲೆ 'ಗೌಪ್ಯ' ಎಂದು ಕೆಂಪು ಮೊಹರು ಹಾಕಿಕೊಂಡು. ಮುಂದಿನ ವರ್ಷದ ಪ್ರವೇಶ ನಲವತ್ತು ಮುಟ್ಟದಿದ್ದರೆ ಕೇಂದ್ರವನ್ನು ಮುಚ್ಚಿ, ಓದುತ್ತಿರುವವರನ್ನು ಮುಖ್ಯ ಆವರಣಕ್ಕೆ ಸೇರಿಸಲಾಗುವುದು ಎಂದಿತ್ತು. ಆ ವರ್ಷ ಹೊಸದಾಗಿ ಸೇರಿದ್ದವರು ಹದಿನೇಳು ಮಂದಿ.

ಭಾನುವಾರ ಭಾವ ಅದನ್ನು ನನ್ನ ಮುಂದಿಟ್ಟು, "ಟೈಪ್ ಮಾಡು," ಎಂದರು.

ನಾನು ಮೊಹರು ತೋರಿಸಿದೆ. "ಭಾವ, ಇದು ಗೌಪ್ಯ. ಕೆಲಸಕ್ಕೆ ಸಂಚಕಾರ ಬತ್ತದೆ."

"ಗೌಪ್ಯ ಅಂತ ಇರೋದನ್ನೂ ಟೈಪ್ ಮಾಡು. ಒಂದಕ್ಷರ ಬಿಡ್ಬೇಡ."

ಸೋಮವಾರ ಅವರು ಅದನ್ನು ಎಂದಿನ ದನಿಯಲ್ಲೇ, ಟ್ಯೂಬ್‌ಲೈಟಿನ ವಿಷಯಕ್ಕೂ ಗ್ರಂಥಾಲಯದ ಪತ್ರಿಕೆಗಳ ವಿಷಯಕ್ಕೂ ನಡುವೆ ಓದಿದರು. ನಾನು ಅಂಗಡಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಎರಡನೆಯ ವರ್ಷದ ಸವಿತಾ ಎಂಬ ಹುಡುಗಿ ಕೈ ಎತ್ತಿದಳು. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಎರಡು ಬಸ್ಸು ಹಿಡಿದು ಬರುವವಳು ಅವಳು.

"ಸರ್, ನಂದು ಹೆಂಗೋ ಮುಗಿತದೆ. ನನ್ ತಂಗಿ ಈ ವರ್ಷ ಡಿಗ್ರಿ ಮುಗಿಸ್ತಾಳೆ. ಅಷ್ಟು ದೂರ ಹಾಸ್ಟೆಲ್‌ಗೆ ನಮ್ಮನೇಲಿ ಕಳ್ಸಲ್ಲ. ಅವಳು ಏನ್ ಮಾಡ್ಬೇಕು?"

ಭಾವ ಹಾಳೆ ಮಡಿಸಿ, "ನಲವತ್ತು ಜನ ಬೇಕು. ಹುಡುಕೋಣ," ಎಂದರು.

ಹುಡುಕುವುದು ಎಂದರೆ ಏನೆಂದು ನನ್ನ ಬೆನ್ನು ಬಲ್ಲದು. ಎರಡು ತಿಂಗಳು ಅವರ ಹಳೆಯ ಬೈಕಿನ ಹಿಂದೆ ಕೂತು, ತೊಡೆಯ ಮೇಲೆ ಕಾಗದದ ಕಟ್ಟು ಇಟ್ಟುಕೊಂಡು ಮೂರು ತಾಲೂಕು ಸುತ್ತಿದೆ. ಸಂತೆ, ಬಸ್ ನಿಲ್ದಾಣ, ಹಾಲಿನ ಡೈರಿ, ಪಂಚಾಯ್ತಿ ಕಟ್ಟೆ, ನಾಲ್ಕು ಜನ ಕಂಡಲ್ಲಿ ಭಾವ ಬೈಕು ನಿಲ್ಲಿಸುತ್ತಿದ್ದರು. ಕಡೂರಿನ ಬಸ್ ನಿಲ್ದಾಣದಲ್ಲಿ ಅವರು ಗಂಟಲು ಸರಿಮಾಡಿಕೊಂಡು, "ಮಹನೀಯರೇ, ನಮ್ಮ ಕೇಂದ್ರದಲ್ಲಿ ನಾಲ್ಕು ವಿಭಾಗಗಳಿವೆ," ಎಂದು ಶುರುಮಾಡಿದಾಗ ಒಬ್ಬ ಅಜ್ಜ ಎಲ್ಲವನ್ನೂ ತಲೆದೂಗುತ್ತಾ ಕೇಳಿದ. ಕೊನೆಗೆ ಹತ್ತಿರ ಬಂದು ಮೊಣಕಾಲು ಮುಟ್ಟಿ ತೋರಿಸುತ್ತಾ, "ಇದಕ್ಕೂ ಆಯ್ತದಾ ಸ್ವಾಮಿ? ಒಂದು ಡಬ್ಬಿ ಎಷ್ಟು?" ಎಂದ.

ಅದನ್ನಾದರೂ ಸಹಿಸಬಹುದು. ಆದರೆ ಭಾವ ಊರೂರಿಗೆ ಒಯ್ದು ಓದುತ್ತಿದ್ದದ್ದು ಅದೇ ಸೋಮವಾರದ ವರದಿ. ಕ್ಯಾಂಟೀನ್ ಇಲ್ಲ. ಕೊಠಡಿ ಎರಡು ಕಡಿಮೆ. ಮಧ್ಯಾಹ್ನ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಖಾಲಿ ಹುದ್ದೆಗಳಿವೆ, ಪತ್ರ ಬರೆಯಲಾಗಿದೆ.

ಬೀರೂರಿನ ದಾರಿಯಲ್ಲಿ ನಾನು ತಡೆಯಲಾರದೆ ಬೈಕು ನಿಲ್ಲಿಸಲು ಹೇಳಿದೆ. "ಭಾವ, ಹೆಣ್ಣು ತೋರಿಸುವಾಗ ಯಾರಾದ್ರೂ ಹುಳುಕು ಹಲ್ಲು ಎಣಿಸಿ ಹೇಳ್ತಾರಾ? ಇರೋ ಒಳ್ಳೇದು ನಾಕು ಹೇಳಿ ಸಾಕು."

"ಸುಳ್ಳು ಹೇಳಿ ಸೇರಿಸ್ಕಂಡ್ರೆ ಒಂದು ತಿಂಗ್ಳು ಇರ್ತಾರೆ ಕಣೋ. ಆಮೇಲೆ ಓಡ್ತಾರೆ. ಗೊತ್ತಿದ್ದೂ ಬಂದೋರು ನಿಲ್ತಾರೆ."

ತರೀಕೆರೆಯ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬರು ವರದಿಯನ್ನು ಪೂರ್ತಿ ಕೇಳಿದರು. ಸೊಪ್ಪಿಗೆ ನೀರು ಚಿಮುಕಿಸುತ್ತಾ, "ನನ್ ಸೊಸೆ ಬಿ.ಕಾಂ. ಮಾಡವ್ಳೆ. ಒಂದು ಮಗು ಐತೆ. ಸೇರಿಸ್ಕಂತೀರಾ?" ಎಂದರು.

"ಸೇರಿಸ್ಕಂತೀವಿ ತಾಯಿ. ಆದ್ರೆ ಮಗು ಬಿಡಕ್ಕೆ ಅಲ್ಲಿ ಜಾಗ ಇಲ್ಲ. ಅದನ್ನೂ ಹೇಳ್ಬಿಡ್ತೀನಿ."

"ಜಾಗ ಯಾಕೆ? ನಾನಿಲ್ವಾ?" ಎಂದು ಆಕೆ ಎರಡು ಕಟ್ಟು ದಂಟಿನ ಸೊಪ್ಪನ್ನು ನನ್ನ ಕಾಗದದ ಕಟ್ಟಿನ ಮೇಲಿಟ್ಟರು. ಅವತ್ತಿನಿಂದ ನಾನು ಭಾವನಿಗೆ ಬುದ್ಧಿ ಹೇಳುವುದನ್ನು ಬಿಟ್ಟು, ಅವರ ಗಂಟಲು ಕಟ್ಟಿದಾಗ ನಾನೇ ವರದಿ ಓದತೊಡಗಿದೆ. ನನಗೂ ಹಟ ಬಂದುಬಿಟ್ಟಿತ್ತು.

ಸುದ್ದಿ ಮುಖ್ಯ ಕಚೇರಿಗೆ ಮುಟ್ಟದೆ ಇರುತ್ತದೆಯೇ? ಕುಲಸಚಿವರೇ ಕಾರಿನಲ್ಲಿ ಬಂದಿಳಿದರು. ಭಾವನ ಕೋಣೆಗೆ ಟೀ ಒಯ್ಯುವ ನೆಪದಲ್ಲಿ ನಾನೂ ಒಳಗೆ ಹೋದೆ.

"ಗೌಪ್ಯ ಅಂದರೆ ಏನು ಅಂತ ಗೊತ್ತೇನ್ರೀ ನಿಮಗೆ?" ಎಂದರು ಕುಲಸಚಿವರು.

"ಗೊತ್ತು ಸರ್. ಯಾರಿಗೆ ತೊಂದರೆ ಆಗುತ್ತೋ ಅವರಿಗೆ ಕೊನೆಗೆ ಗೊತ್ತಾಗೋದು."

ಕುಲಸಚಿವರು ಟೀ ಮುಟ್ಟದೆ ಎದ್ದುಹೋದರು. ಮೂರನೆಯ ದಿನ ಮೆಮೊ ಬಂತು. ಮುಂದಿನ ಸೋಮವಾರ ಭಾವ ಅದನ್ನೂ ಓದಿದರು: "ನಿರ್ದೇಶಕರಿಗೆ ಶಿಸ್ತು ಉಲ್ಲಂಘನೆಗಾಗಿ ಮೆಮೊ ಬಂದಿದೆ. ಆರೋಪ ನಿಜ. ಉತ್ತರ ಬರೆಯಲಾಗಿದೆ."

ಅರ್ಜಿಯ ಕೊನೆಯ ದಿನ ಬಂತು. ಸಂಜೆ ಐದಕ್ಕೆ ಎಣಿಸಿದರೆ ಮೂವತ್ತೆಂಟು. ಎರಡು ಕಡಿಮೆ. ನಾನು ಗುಮಾಸ್ತರ ಎದುರಿಗೇ ಹೇಳಿದೆ, "ಭಾವ, ಅಕ್ಕ ಡಿಗ್ರಿ ಮಾಡವ್ಳೆ. ನಾನೂ ಮಾಡೀನಿ. ಇಬ್ಬರ ಹೆಸರೂ ಬರ್ಕಳಿ."

"ಕ್ಲಾಸಿಗೆ ಬರ್ತೀಯಾ?"

"ಅಂಗಡಿ ಬಿಟ್ಟು ಹೆಂಗೆ ಬರ್ಲಿ?"

"ಹಂಗಾದ್ರೆ ಮೂವತ್ತೆಂಟು," ಎಂದು ಬರೆದು ಸಹಿ ಹಾಕಿದರು. ಅವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ತಿಂಗಳು ಬೈಕಿನ ಮೇಲೆ ಬೆನ್ನು ಮುರಿದುಕೊಂಡದ್ದು ಎರಡು ಹೆಸರಿಗೆ ಹಾಳಾಯಿತಲ್ಲ ಎಂದು ನಾನು ಒಂದು ವಾರ ಅವರೊಂದಿಗೆ ಮಾತಾಡಲಿಲ್ಲ. ಅವರು ಅದನ್ನೂ ವರದಿಗೆ ಸೇರಿಸುತ್ತಾರೋ ಎಂದು ಹೆದರಿ ಆಮೇಲೆ ಮಾತಾಡಿದೆ.

ತರಗತಿ ಶುರುವಾಗಿ ಮೂರನೆಯ ಸೋಮವಾರ, ಯಾರಿಗೂ ಹೇಳದೆ ಕುಲಸಚಿವರ ಕಾರು ಮತ್ತೆ ಬಂತು. ಜೊತೆಗೆ ಇಬ್ಬರು ಪರಿಶೀಲನೆಯವರು. ಭಾವ ಹೊಂಗೆಮರದ ಕೆಳಗೆ ಓದುತ್ತಿದ್ದರು. ಬಂದವರನ್ನು ನೋಡಿ, "ಪರಿಶೀಲನಾ ಸಮಿತಿ ಬಂದಿದೆ," ಎಂದು ಅದನ್ನೂ ಸೇರಿಸಿಕೊಂಡು ಮುಂದುವರಿಸಿದರು. ಕುಲಸಚಿವರು ಮೊದಲ ವರ್ಷದವರನ್ನು ಸಾಲಾಗಿ ನಿಲ್ಲಿಸಿ ತಾವೇ ಎಣಿಸಿದರು. ಮೂವತ್ತೊಂಬತ್ತು ಬಂತು. ಮತ್ತೆ ಎಣಿಸಿದರು. ಮತ್ತೂ ಮೂವತ್ತೊಂಬತ್ತು. ಕಾಗದದಲ್ಲಿ ಇರುವುದಕ್ಕಿಂತ ಹೆಚ್ಚು ತಲೆ ಅವರು ತಮ್ಮ ನೌಕರಿಯಲ್ಲಿ ಎಲ್ಲೂ ಕಂಡಿರಲಿಲ್ಲವಂತೆ. ಕೊನೆಗೆ ಗೊತ್ತಾಯಿತು, ಅವತ್ತು ಅತ್ತೆಗೆ ಜ್ವರವೆಂದು ತರೀಕೆರೆಯ ಸೊಪ್ಪಿನವರ ಸೊಸೆ ಮಗುವನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು.

ಕುಲಸಚಿವರು ಪಟ್ಟಿಯನ್ನು ಪರಿಶೀಲನೆಯವರ ಕೈಗೆ ಕೊಟ್ಟರು. "ಬೇರೆ ಕಡೆ ಐವತ್ತು ಬರೆದಿರ್ತಾರೆ, ಹೋಗಿ ನೋಡಿದರೆ ಹನ್ನೆರಡು ಇರೋದಿಲ್ಲ," ಎಂದು ಯಾರಿಗೋ ಹೇಳುವಂತೆ ಹೇಳಿ, ಈ ಸಲ ಟೀ ಕುಡಿದು ಹೋದರು.

ಹದಿನೈದು ದಿನಕ್ಕೆ, ಒಂದು ಶನಿವಾರ, ಪತ್ರ ಬಂತು. ಕೇಂದ್ರವನ್ನು ಮುಂದುವರಿಸಲಾಗಿದೆ. ಭಾವ ಅದನ್ನು ಎರಡು ಸಲ ಓದಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಗುಮಾಸ್ತರಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಸೀದಾ ನನ್ನ ಅಂಗಡಿಗೆ ಬಂದು, "ಬೈಕ್ ಹತ್ತು," ಎಂದರು. ಭಾವ ಒಂದು ಸುದ್ದಿಯನ್ನು ಜೇಬಿನಲ್ಲಿಟ್ಟುಕೊಂಡು ಮೂವತ್ತು ಮೈಲಿ ಹೋಗಬಲ್ಲರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಹೋದದ್ದು ಲಿಂಗದಹಳ್ಳಿಗೆ, ಅವರ ಅಕ್ಕನ ಮನೆಗೆ. ಭಾವನಿಗಿಂತ ಹತ್ತು ವರ್ಷ ದೊಡ್ಡವರು ಆಕೆ. ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಭಾವ ಚಪ್ಪಲಿ ಬಿಡುವ ಮೊದಲೇ, "ಅಕ್ಕಾ, ಮುಚ್ಚಲ್ವಂತೆ," ಎಂದರು.

ಆಕೆ ಮೊರ ಕೆಳಗಿಟ್ಟರು. ನನ್ನ ಕಡೆ ತಿರುಗಿ, "ಇವ್ನು ನಿಂಗೆ ನನ್ ಕತೆ ಹೇಳವ್ನೇನಪ್ಪಾ?" ಎಂದು ಕೇಳಿದರು. ನಾನು ಇಲ್ಲವೆಂದೆ.

"ನಾನು ಪಿಯುಸಿ ಪಾಸಾಗಿ ಮೇಷ್ಟ್ರ ಟ್ರೈನಿಂಗಿಗೆ ಅರ್ಜಿ ಹಾಕಿದ್ದೆ. ಆಗ ಇವ್ನಿಗೆ ಎಂಟೊರ್ಷ. ನನ್ ಹೆಸರು ಬಂದಿತ್ತಂತೆ ಕಣಪ್ಪ. ಪೇಟೆಲಿ ಯಾವ್ದೋ ಆಫೀಸ್ ಬೋರ್ಡಿಗೆ ಅಂಟಿಸಿದ್ರಂತೆ. ನಮಗ್ಯಾರು ಬಂದು ಹೇಳ್ತಾರೆ? ಗೊತ್ತಾಗೋ ಹೊತ್ಗೆ ಸೇರೋ ದಿನ ಕಳ್ದು ಮೂರು ವಾರ ಆಗಿತ್ತು. ನಾನು ಹಿತ್ಲಲ್ಲಿ ಕೂತು ಅಳ್ತಿದ್ರೆ ಇದು ಬಂದು, ಯಾಕಕ್ಕಾ, ಯಾಕಕ್ಕಾ ಅಂತ ಕೇಳೋದು." ಆಕೆ ನಕ್ಕರು. "ಹೋಗ್ಲಿ ಬಿಡು. ಹೆಣ್ಮಕ್ಳು ಎಷ್ಟು ಜನ ಸೇರವ್ರೋ?"

"ಇಪ್ಪತ್ತೊಂಬತ್ತು ಅಕ್ಕಾ."

"ಯಾರ್ಯಾರು?"

ಭಾವ ಪ್ರವೇಶ ಪಟ್ಟಿಯನ್ನು ತೆಗೆದು, ಜಗಲಿಯ ಅಂಚಿನಲ್ಲಿ ಕೂತು, ಒಂದೊಂದೇ ಹೆಸರನ್ನೂ ಊರನ್ನೂ ಓದಿದರು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳುತ್ತಾ ಕೂತರು. ನಡುವೆ ಒಮ್ಮೆ ಮಾತ್ರ, "ಆ ಹೆಬ್ಬೆ ಕಾಡಿನ ಕಡೆಯಿಂದ್ಲೂ ಒಬ್ಳು ಬಂದವ್ಳಾ?" ಎಂದರು. ಪಟ್ಟಿ ಮುಗಿಯಿತು. ಭಾವ ಹಾಳೆ ಮಡಿಸಲು ಹೋದಾಗ ಆಕೆ ಅವರ ಕೈ ಹಿಡಿದರು.

"ಇನ್ನೊಂದ್ಸಲ ಓದೋ. ನಿಧಾನಕ್ಕೆ."

ಭಾವ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು ಮೊದಲ ಹೆಸರಿನಿಂದ ಶುರುಮಾಡಿದರು.